ದಿ|| ಚಲುವನಾರಾಯಣ

“ಇಲ್ಲ ಸಾರ್, ಹತ್ತು ವರ್ಷದ ಹಿಂದೆ ಅಲ್ಲ. ಇವತ್ತು. ಇವತ್ತು ಬೆಳಿಗ್ಗೆ ಆರೂವರೆಗೆ ಹೋಗಿದ್ದು.”

ಮುರಳೀಕೃಷ್ಣ ಫೋನಿನಲ್ಲಿ ಮೂರನೆಯ ಸಲ ಇದೇ ಮಾತನ್ನು ಕೂಗಿ ಹೇಳುತ್ತಿದ್ದ. ಆ ಕಡೆ ಇದ್ದವನು ಹಾಸನದ ಪತ್ರಿಕೆಯೊಂದರ ವರದಿಗಾರ. ಹಾಡುಗಾರ ಚಲುವನಾರಾಯಣ ಎಂದ ಕೂಡಲೆ ಆತ, ಅವರು ಹೋಗಿ ಬಹಳ ಕಾಲ ಆಯಿತಲ್ಲ, ಇದು ಪುಣ್ಯತಿಥಿಯ ಸುದ್ದಿಯೇ ಎಂದು ಕೇಳಿದ್ದ. ಹೆಣ ಇಲ್ಲೇ ನಡುಮನೆಯಲ್ಲಿದೆ, ಬಂದು ನೋಡಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮುರಳೀಕೃಷ್ಣ ಫೋನು ಇಟ್ಟ. ತೀರಿಕೊಂಡವರು ಅವನ ದೊಡ್ಡಪ್ಪ. ಅವರಿಗೆ ಮಕ್ಕಳಿಲ್ಲದ್ದರಿಂದ ಕೊಳ್ಳಿ ಇಡಬೇಕಾದವನೂ ಅವನೇ.

ಹೊಳೆನರಸೀಪುರದಲ್ಲಿ, ನರಸಿಂಹಸ್ವಾಮಿ ಗುಡಿಯ ಹಿಂದಿನ ಬೀದಿಯ ಆ ಪುಟ್ಟ ಮನೆಯಲ್ಲಿ ಆಗ ಪುರೋಹಿತರೂ ಸೇರಿ ಹನ್ನೆರಡು ಜನರಿದ್ದರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಸ್ವಂತ ಊರು ಎಂದು ಮೂವತ್ತೆರಡು ವರ್ಷ ಬಸ್ ನಿಲ್ದಾಣಗಳಲ್ಲಿ ಕಂಟ್ರೋಲರ್ ಆಗಿದ್ದು, ಮೈಕಿನಲ್ಲಿ ದಿನಕ್ಕೆ ನೂರು ಬಸ್ಸು ಕೂಗಿದ ಮನುಷ್ಯನಿಗೆ ಹನ್ನೆರಡು ಜನ. ಆ ದನಿ ಕೇಳಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಸ್ಸು ಹಿಡಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಎಷ್ಟು ಸಾವಿರವೋ. ಕೂಗಿದವರು ಯಾರು ಎಂದು ತಿರುಗಿ ನೋಡಿದರೆ ಬಸ್ಸು ತಪ್ಪುತ್ತದೆ, ಆದ್ದರಿಂದ ಯಾರೂ ನೋಡಿರಲಿಲ್ಲ.

ಈಗ ಅವನ ಹೆಣವೂ ಬಸ್ಸಿಗೇ ಕಾಯುತ್ತಿತ್ತು. ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಹೆಂಡತಿ ಸುಂದರಮ್ಮನ ತಮ್ಮ ರಂಗಸ್ವಾಮಿ, ಗುಡಿಯ ಪರಿಚಾರಕರು ಇಬ್ಬರು, ಒಟ್ಟು ಮೂವರಿದ್ದರು. ಉಳಿದವರು ಹೆಂಗಸರು, ಮುದುಕರು. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯಬೇಕಾದ ಮುರಳೀಕೃಷ್ಣ ಹೆಗಲು ಕೊಡುವಂತಿಲ್ಲ. ನಾಲ್ಕನೆಯವನಾದ ಮೈಸೂರಿನ ಷಡ್ಡಕ ಹತ್ತಿದ ಬಸ್ಸು ಕೆ.ಆರ್. ನಗರದ ಹತ್ತಿರ ಕೆಟ್ಟು ನಿಂತಿತ್ತು.

ಹೊರಗೆ ಅಂಗಳದ ಕರಿಬೇವಿನ ಗಿಡದ ಕೆಳಗೆ ನಂಜಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ನುಗ್ಗೇಹಳ್ಳಿ ಕಡೆಯ ಒಕ್ಕಲಿಗ, ತೆಂಗಿನ ತೋಟದವನು, ಚಲುವನಾರಾಯಣನ ಹಾಡಿಗೆ ಇಪ್ಪತ್ತು ವರ್ಷ ತಬಲ ನುಡಿಸಿದವನು. ಬೆಳಿಗ್ಗೆ ಕಂಡಕ್ಟರೊಬ್ಬನ ಬಾಯಿಂದ ಸುದ್ದಿ ತಿಳಿದು, ಉಟ್ಟ ಪಂಚೆಯಲ್ಲೇ ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಈ ಮನೆಯ ಅಂಗಳ ತುಳಿದು ಅವನಿಗೆ ಹತ್ತು ವರ್ಷವಾಗಿತ್ತು. ಹೆಣ ಎತ್ತುವುದರೊಳಗೆ ಸುಂದರಮ್ಮನಿಗೆ ಒಂದು ಮಾತು ಹೇಳಬೇಕಿತ್ತು, ಅದಕ್ಕಾಗಿಯೇ ಬಂದಿದ್ದ. ಎರಡು ಸಲ ಎದ್ದು ಬಾಗಿಲ ತನಕ ಹೋಗಿ, ಒಳಗೆ ಹೆಂಗಸರನ್ನು ಕಂಡು ವಾಪಸು ಬಂದು ಕೂತಿದ್ದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾಗಿ ಎದುರು ಮನೆಯ ನೀಲಾಂಬಿಕೆ ಕಾಫಿ ಮಾಡಿ ತಂದಿದ್ದಳು. ನಂಜಪ್ಪನಿಗೂ ಒಂದು ಲೋಟ ಕೊಟ್ಟಳು.

“ನೀವು ದೂರದಿಂದ ಬಂದ್ರಾ? ಇವರ ಪರಿಚಯಾನಾ?”

“ಇವ್ರು ಆಡೋರು, ನಾನು ತಬಲ ಬಾರುಸ್ತಿದ್ದೆ ಕಣವ್ವ.”

“ಹಾಡ್ತಿದ್ರಾ?” ಎಂದು ನೀಲಾಂಬಿಕೆ ನಿಜವಾಗಿಯೂ ಬೆರಗಾದಳು. “ನಾವು ಈ ಬೀದಿಗೆ ಬಂದು ನಾಲ್ಕು ವರ್ಷ ಆಯ್ತು. ಒಂದು ದಿನಾನೂ ಕೇಳ್ಲಿಲ್ವಲ್ಲಾ!”

ನಂಜಪ್ಪ ಕಾಫಿ ಕುಡಿಯಲಿಲ್ಲ. ಲೋಟ ತಣ್ಣಗಾಗುವ ತನಕ ಕೈಯಲ್ಲೇ ಹಿಡಿದುಕೊಂಡಿದ್ದ.

*

ಕಟ್ಟೇಪುರದ ಶಾಮಣ್ಣ ಎಂಬ ಕಂಪನಿ ನಾಟಕದ ಹಾಡುಗಾರನ ಹೆಸರು ಹಿಂದೆ ಹಾಸನ ಸೀಮೆಯಲ್ಲೆಲ್ಲ ಮನೆಮಾತಾಗಿತ್ತು. ಆತ ಸತ್ತ ಮೇಲೆ ಉಳಿದದ್ದು ಸವೆದುಹೋದ ನಾಲ್ಕು ಗ್ರಾಮಫೋನ್ ಪ್ಲೇಟು, ಮತ್ತು ಮುದುಕರ ಬಾಯಲ್ಲಿ ಅರ್ಧಂಬರ್ಧ ಹಾಡು. ತೊಂಬತ್ತಾರರಲ್ಲಿ ಬೆಂಗಳೂರಿನ ಯಾರೋ ಪುಣ್ಯಾತ್ಮರು ಶಾಮಣ್ಣನ ಜೀವನವನ್ನು ಸಿನಿಮಾ ಮಾಡಲು ಹೊರಟರು. ಹಳೆಯ ಹಾಡುಗಳನ್ನೆಲ್ಲ ಹೊಸದಾಗಿ ಹಾಡಿಸಬೇಕಿತ್ತು. ಶಾಮಣ್ಣನ ಊರು ಹುಡುಕಿಕೊಂಡು ಬಂದ ಅವರ ಸಂಗೀತ ನಿರ್ದೇಶಕನಿಗೆ, ಹಾಸನದ ಬಸ್ ನಿಲ್ದಾಣದಲ್ಲಿ ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದಾಗ ಮೈಕು ಕೇಳಿಸಿತು.

“ಅರಕಲಗೂಡು, ರಾಮನಾಥಪುರ, ಕೊಣನೂರೂ… ಕಡೆ ಹೋಗುವ ಪ್ರಯಾಣಿಕರ ಗಮನಕ್ಕೆ.”

ಕೊಣನೂರಿನ ಆ ದೀರ್ಘವನ್ನು ಚಲುವನಾರಾಯಣ ಹೊತ್ತಿಗೆ ತಕ್ಕ ಹಾಗೆ ಎಳೆಯುತ್ತಿದ್ದ, ಬೆಳಿಗ್ಗೆ ಒಂದು ರಾಗ, ಸಂಜೆ ಇನ್ನೊಂದು. ಡ್ರೈವರುಗಳು “ಐನೋರ ಕಚೇರಿ ಮುಗೀದೆ ಗಾಡಿ ಎತ್ತಂಗಿಲ್ಲ” ಎಂದು ಗೇಲಿ ಮಾಡುತ್ತಿದ್ದರು. ನಿರ್ದೇಶಕ ಬಸ್ಸು ಬಿಟ್ಟು ಕಂಟ್ರೋಲರ್ ಕಿಟಕಿಗೆ ಬಂದು ನಿಂತ.

ಮೂರು ದಿನ ರಜೆ ಹಾಕಿ ಚಲುವನಾರಾಯಣ ಬೆಂಗಳೂರಿನ ಸ್ಟುಡಿಯೋದಲ್ಲಿ ಎಂಟು ಹಾಡು ಹಾಡಿ ಬಂದ. ತಬಲಕ್ಕೆ ನಂಜಪ್ಪನೇ ಆಗಬೇಕೆಂದು ಹಟ ಹಿಡಿದು ಜೊತೆಗೆ ಕರೆದುಕೊಂಡು ಹೋದ. ಮೊದಲ ದಿನ ನಿರ್ದೇಶಕ ಹಾಡು ನಿಲ್ಲಿಸಿ ಕೇಳಿದ: “ಸ್ವಾಮಿ, ಸ್ವಲ್ಪ ಶಾಮಣ್ಣನ ಥರ, ಆ ಮೂಗುದನಿ ಬರಲಿ.”

“ಶಾಮಣ್ಣನಿಗೆ ನಮಸ್ಕಾರ ಮಾಡ್ತೀನಿ, ವೇಷ ಹಾಕಲ್ಲ,” ಎಂದ ಚಲುವನಾರಾಯಣ. ಜಗಳವಲ್ಲ, ಬಸ್ಸಿನ ವೇಳೆ ಹೇಳುವಷ್ಟೇ ಸರಳವಾಗಿ. ಮತ್ತೆ ತನ್ನ ದನಿಯಲ್ಲೇ ಹಾಡಿದ. ಹಾಡು ಮುಗಿದಾಗ ಗಾಜಿನ ಆಚೆ ಇದ್ದವರು ಎದ್ದು ನಿಂತಿದ್ದರು. ಐವತ್ತೊಂದನೆಯ ವಯಸ್ಸಿನಲ್ಲಿ ಅವನಿಗೆ ತಾನು ಹಾಡುಗಾರ ಎಂದು ಮೊದಲ ಸಲ ಅನ್ನಿಸಿದ್ದು ಅವತ್ತು. ಬರುವಾಗ ಬಸ್ಸಿನಲ್ಲಿ ನಂಜಪ್ಪನಿಗೆ ಅದನ್ನು ನಾಚಿಕೊಂಡೇ ಹೇಳಿದ್ದ.

ಸಿನಿಮಾ ಅರ್ಧಕ್ಕೆ ನಿಂತು ಡಬ್ಬ ಸೇರಿತು. ಹಾಕಿದ ದುಡ್ಡಿನಲ್ಲಿ ಅಷ್ಟಾದರೂ ಬರಲಿ ಎಂದು ಹಾಡಿನ ಕ್ಯಾಸೆಟ್ಟು ಮಾತ್ರ ಹೊರಗೆ ತಂದರು.

*

ಹನ್ನೊಂದು ಗಂಟೆಗೆ ಷಡ್ಡಕನ ಫೋನು ಬಂತು. ಬೇರೆ ಬಸ್ಸು ಬಂದರೂ ನಿಲ್ಲಿಸಲಿಲ್ಲವಂತೆ. ಪುರೋಹಿತರು ಪಂಚಾಂಗ ಮುಚ್ಚಿ ರಾಹುಕಾಲದ ಲೆಕ್ಕ ಹೇಳಿದರು.

“ಇನ್ನು ಮುಕ್ಕಾಲು ಗಂಟೇಲಿ ಎತ್ತಲೇಬೇಕು. ಒಂದು ಹೆಗಲು ನೋಡಿ.”

“ಯಾರನ್ನ ಕರೀಲಿ? ಬೀದೀಲಿ ಹೋಗೋರನ್ನ ಕರೀಲಾ?” ಎಂದ ರಂಗಸ್ವಾಮಿ. “ಡಿಪೋಗೆ ಫೋನ್ ಮಾಡಿದ್ರೆ ಅಲ್ಲಿ ಈಗ ಇರೋರಿಗೆ ಭಾವ ಯಾರು ಅಂತಾನೇ ಗೊತ್ತಿಲ್ಲ. ಹಳಬರೊಬ್ಬರು ಸಿಕ್ಕಿದ್ರು, ‘ಅಯ್ಯೋ, ಅವರು ಇದ್ರಾ ಇನ್ನೂ?’ ಅಂತಾರೆ.”

ಮುರಳೀಕೃಷ್ಣ ಕಿಟಕಿಯಿಂದ ಅಂಗಳ ನೋಡಿದ. ಅರವತ್ತೈದರ ನಂಜಪ್ಪ ಕುಳ್ಳನಾದರೂ ಗಟ್ಟಿ ಆಳು. ಪುರೋಹಿತರೂ ನೋಡಿದರು. ಶಾಸ್ತ್ರ ಹೇಳಲು ಬಾಯಿ ತೆರೆದವರು ಗಡಿಯಾರ ನೋಡಿ ಸುಮ್ಮನಾದರು.

ಮುರಳೀಕೃಷ್ಣ ಹೊರಗೆ ಬಂದ. “ನಂಜಪ್ಪನವರೇ, ದೊಡ್ಡಪ್ಪನಿಗೆ ನೀವು ಒಂದು ಹೆಗಲು ಕೊಡ್ತೀರಾ?”

ನಂಜಪ್ಪ ಎದ್ದು ನಿಂತ. “ಕೊಡ್ತೀನಿ ಬುದ್ಧಿ. ಅದ್ಕಿಂತ ಪುಣ್ಯ ಇನ್ನೇನದೆ ನಂಗೆ. ಆದ್ರೆ ಅಮ್ಮಾವ್ರು ಒಂದ್ ಮಾತ್ ಕೇಳ್ಬೇಕು. ಕೇಳಿದ್ ಮ್ಯಾಲೂ ಕೊಡು ಅಂದ್ರೆ ಕೊಡ್ತೀನಿ. ಬ್ಯಾಡ ಅಂದ್ರೆ ಇಂಗೇ ಒಂಟೋಯ್ತೀನಿ.”

*

ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಏನು ಅಚ್ಚಾಗಬೇಕೆಂದು ಚಲುವನಾರಾಯಣ ತನ್ನ ಮುದ್ದಾದ ಅಕ್ಷರದಲ್ಲಿ ಬರೆದು, ಮದುವೆಗೆಂದು ಬೆಂಗಳೂರಿಗೆ ಹೊರಟಿದ್ದ ನಂಜಪ್ಪನ ಕೈಗೆ ಕೊಟ್ಟಿದ್ದ. ಬಸ್ಸು ಹಿರೀಸಾವೆಯಲ್ಲಿ ತಿಂಡಿಗೆ ನಿಂತಿತು. ನಂಜಪ್ಪ ಇಡ್ಲಿ ತಿಂದು, ಕೈ ತೊಳೆದು, ಹೆಸರುಗಳನ್ನು ನೋಡುವ ಆಸೆಗೆ ಕಾಗದ ಬಿಡಿಸಿದ. ನಾಲ್ಕನೆಯ ಕ್ಲಾಸಿನ ಓದು, ಕೂಡಿಸಿ ಕೂಡಿಸಿ ಓದಿದ.

“ದಿ|| ಕಟ್ಟೇಪುರದ ಶಾಮಣ್ಣನವರ ಹಾಡುಗಳು. ಹಾಡಿದವರು: ಚಲುವನಾರಾಯಣ. ತಬಲ: ನಂಜಪ್ಪ.”

ಅವನಿಗೆ ಸಿಟ್ಟು ಬಂತು. ಶಾಮಣ್ಣನಿಗೆ ಇದ್ದ ‘ದಿ’ ತಮ್ಮ ಐನೋರಿಗೆ ಏಕಿಲ್ಲ? ದಿ ಎಂದರೆ ಏನೆಂದು ನಂಜಪ್ಪ ಬಲ್ಲ. ಹೋಟೆಲಿನ ಎದುರಿಗೇ ಸೊಸೈಟಿಯ ಬೋರ್ಡಿತ್ತು, ಹಳದಿ ಬಣ್ಣದಲ್ಲಿ ‘ದಿ’ ಎಂದೇ ಶುರು. ಹಾಸನದಲ್ಲೂ ದೊಡ್ಡ ದೊಡ್ಡ ಬ್ಯಾಂಕಿನ ಬೋರ್ಡೆಲ್ಲ ‘ದಿ’ ಎಂದೇ ಶುರು. ದೊಡ್ಡದಕ್ಕೆ ಮಾತ್ರ ದಿ ಹಾಕುತ್ತಾರೆ. ಐನೋರು ಸಂಕೋಚದ ಮನುಷ್ಯ, ತಮಗೆ ತಾವೇ ಹಾಕಿಕೊಂಡಿಲ್ಲ. ನಂಜಪ್ಪ ಗಲ್ಲಾದ ಮೇಲಿದ್ದ ಕೆಂಪು ಪೆನ್ನು ಕೇಳಿ ಇಸಕೊಂಡು, ನಾಲಿಗೆ ಕಚ್ಚಿಕೊಂಡು, ಚಲುವನಾರಾಯಣ ಎಂಬುದರ ಹಿಂದೆ ಒಂದು ‘ದಿ’ ಬರೆದು ಎರಡು ಗೀಟು ಎಳೆದ. ತನ್ನ ಹೆಸರಿಗೆ ಹಾಕಿಕೊಳ್ಳಲಿಲ್ಲ. ತಾನು ಅಷ್ಟು ದೊಡ್ಡವನಲ್ಲ.

ಐದು ಸಾವಿರ ಹೊದಿಕೆ ಹಾಗೇ ಅಚ್ಚಾಯಿತು. ಮೂರು ಹೆಸರಲ್ಲಿ ತಬಲದವನೊಬ್ಬ ಬದುಕಿದ್ದ.

ನಂಜಪ್ಪ ತನ್ನ ಪ್ರತಿಯನ್ನು ಊರಿನ ಶಾಲೆಯ ಟೀಚರ್ ಅನಸೂಯಮ್ಮನಿಗೆ ತೋರಿಸಲು ಹೋದ. “ಅಯ್ಯೋ ಪಾಪ, ಇವರು ಯಾವಾಗ ಹೋದ್ರು ನಂಜಪ್ಪ?” ಎಂದರು ಟೀಚರ್. “ಎಲ್ಗೆ?” ಎಂದು ಕೇಳಿದ ನಂಜಪ್ಪ. ಟೀಚರ್ ಅರ್ಥ ಹೇಳಿದ ಮೇಲೆ ಅವನು ತೋಟಕ್ಕೆ ಹೋಗಿ ಕತ್ತಲಾಗುವ ತನಕ ಮನೆಗೆ ಬರಲಿಲ್ಲ. ಮುಂದಿನ ತಿಂಗಳು ತಬಲಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ.

ಚಲುವನಾರಾಯಣ ಕ್ಯಾಸೆಟ್ಟು ನೋಡಿ ಮೊದಲು ನಕ್ಕ. ಆಮೇಲೆ ಬೆಂಗಳೂರಿಗೆ ಹೋಗಿ ಕೇಳಿದ. ಕಂಪನಿಯ ಮ್ಯಾನೇಜರ್ ಫೈಲಿನಿಂದ ಕಾಗದ ತೆಗೆದು ಮುಂದಿಟ್ಟ. “ನೀವೇ ಕಳಿಸಿದ್ದು ನೋಡಿ ಸ್ವಾಮಿ, ಇದ್ದದ್ದು ಇದ್ದ ಹಾಗೆ ಹೊಡೆದಿದೀವಿ.”

ನೀಲಿ ಅಕ್ಷರದ ನಡುವೆ ಕೆಂಪು ದಿ. ದಕಾರದ ಹೊಟ್ಟೆ ಅಷ್ಟು ದಪ್ಪ ಮಾಡಿ ಬರೆಯುವವನು ಜಗತ್ತಿಗೆ ಒಬ್ಬನೇ ಎಂದು ಚಲುವನಾರಾಯಣನಿಗೆ ಗೊತ್ತಿತ್ತು. ಯಾಕೆ ಬರೆದ ಎನ್ನುವುದೂ ನೋಡುತ್ತಿದ್ದ ಹಾಗೇ ಗೊತ್ತಾಯಿತು. ಅವನ ಕಣ್ಣಲ್ಲಿ ನೀರು ಬಂತು.

“ಹೌದು, ನಾನೇ ಬರೆದದ್ದು. ಕೈತಪ್ಪು,” ಎಂದು ಆ ಕಾಗದ ಕೇಳಿ ಇಸಕೊಂಡ. ಬರುವಾಗ ಬಸ್ಸಿನ ಕಿಟಕಿಯಿಂದ ಅದನ್ನು ಚೂರುಚೂರು ಮಾಡಿ ಬಿಟ್ಟ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಮುಂದಿನ ಮುದ್ರಣದಲ್ಲಿ ತೆಗೆಯುತ್ತೇವೆ ಎಂದಿದ್ದರು, ಮುಂದಿನ ಮುದ್ರಣವೇ ಆಗಲಿಲ್ಲ. ಹಾಡು ಮಾತ್ರ ಊರೂರು ತಿರುಗಿತು. ಅವನು ಕೂಗಿ ಕಳಿಸುವ ಬಸ್ಸುಗಳಲ್ಲೇ ಅವನ ಹಾಡು ಹೋಗುತ್ತಿತ್ತು. “ಎಂಥಾ ಕಂಠ, ಪಾಪ, ಸತ್ತೋದ್ರಂತೆ” ಎಂದು ಜನ ಅವನ ಕಿಟಕಿಯ ಎದುರಿಗೇ ನಿಂತು ಮರುಗುತ್ತಿದ್ದರು. ಬೇರೊಂದು ಸಿನಿಮಾದವರು ಈ ದನಿಯೇ ಬೇಕೆಂದು ಹುಡುಕಿ, ಹೊದಿಕೆ ನೋಡಿ ಕೈಬಿಟ್ಟರೆಂದು ಎರಡು ವರ್ಷದ ಮೇಲೆ ತಿಳಿಯಿತು. ರಾಮನವಮಿಗೆ, ಗಣಪತಿಗೆ ಕರೆಯುತ್ತಿದ್ದವರು ಬೇರೆಯವರನ್ನು ಹುಡುಕಿಕೊಂಡರು. ಒಬ್ಬೊಬ್ಬರ ಮನೆಗೂ ಹೋಗಿ ನಾನು ಬದುಕಿದ್ದೇನೆ ಎಂದು ಹೇಳಿಕೊಳ್ಳುವುದು ಹೇಗೆ? ಅವನು ಹೇಳಿಕೊಳ್ಳಲಿಲ್ಲ.

ನಂಜಪ್ಪನಿಗೆ ಮಾತ್ರ ವರ್ಷಕ್ಕೊಂದು ಕಾರ್ಡು ಬರೆದ. “ಕ್ಷೇಮ. ಒಮ್ಮೆ ಬನ್ನಿ. ತಬಲ ತನ್ನಿ.” ಬೇರೆ ಏನನ್ನೂ ಬರೆಯುತ್ತಿರಲಿಲ್ಲ. ತಾನೇ ನುಗ್ಗೇಹಳ್ಳಿಗೆ ಹೋದರೆ ಲೆಕ್ಕ ಕೇಳಲು ಬಂದರೆಂದು ನಂಜಪ್ಪ ತಿಳಿದಾನೆಂದು ಹೋಗಲಿಲ್ಲ. ನಂಜಪ್ಪ ಆ ಕಾರ್ಡುಗಳನ್ನು ಓದಿ, ಇನ್ನೂ ಗೊತ್ತಿಲ್ಲ ಇವರಿಗೆ, ಹೋದರೆ ಹೇಳಬೇಕಾಗುತ್ತದೆ ಎಂದು ಹೋಗಲಿಲ್ಲ. ಹೀಗೆ ಐವತ್ತು ಮೈಲಿಯೂ ಇಲ್ಲದ ದಾರಿಯಲ್ಲಿ ಹತ್ತು ವರ್ಷ ಕಳೆದುಹೋಯಿತು.

*

ಸುಂದರಮ್ಮ ಬಾಗಿಲಿಗೆ ಬಂದಳು. ಅತ್ತು ಕಣ್ಣು ಬಾತಿತ್ತು. ಹಣೆಯಲ್ಲಿ ಕುಂಕುಮ ಇನ್ನೂ ಇತ್ತು.

ನಂಜಪ್ಪ ಮೆಟ್ಟಿಲ ಕೆಳಗೆ ನಿಂತು, ಟವೆಲು ಕೈಯಲ್ಲಿ ಹಿಂಡುತ್ತ, ತಲೆ ಎತ್ತದೆ ಹೇಳಿದ: “ಅಮ್ಮಾವ್ರೇ, ಆ ಕ್ಯಾಸೆಟ್ ಮ್ಯಾಲೆ ಐನೋರ ಎಸ್ರಿಗೆ ದಿ ಅಂತ ಆಗಿತ್ತಲ್ಲ, ಅದು ಅಚ್ಚಿನೋರ ತಪ್ಪಲ್ಲ. ಬರೆದೋನು ನಾನು. ನಮ್ ಕಡೆ ಸತ್ತೋರ್ಗೆ ಲೇಟ್ ಅಂತ ಆಕ್ತಾರೆ ಕಣ್ರವ್ವ. ದಿ ಅಂತ ಆಕ್ತಾರೆ ಅಂತ ನಂಗೇನ್ ಗೊತ್ತು? ದೊಡ್ಡೋರ್ಗೆ ಆಕೋದು ಅಂದ್ಕಂಡೆ. ಐನೋರು ದೊಡ್ಡೋರು ಅಂತ ಆಕ್ಬುಟ್ಟೆ. ಅವ್ರ ಗಂಟ್ಲು ಇಸ್ಕಿದೋನು ನಾನೇ. ಅತ್ತು ವರ್ಸ ಬಂದು ಯೇಳಕ್ಕೆ ಮೊಕ ಇರ್ಲಿಲ್ಲ.”

ಸುಂದರಮ್ಮ ಅವನ ನೆತ್ತಿಯನ್ನೇ ನೋಡಿದಳು.

“ಅರಕಲಗೂಡಿನಲ್ಲಿ ಒಂದು ಮದುವೆ ನಂಜಪ್ಪನವರೇ,” ಎಂದಳು. “ಆ ಮನೆಯವಳು ಎಲ್ಲರಿಗೂ ಅರಿಶಿನ ಕುಂಕುಮ ಕೊಡ್ತಾ ಬಂದು, ನನ್ನ ಮುಂದೆ ತಟ್ಟೆ ಹಿಂದಕ್ಕೆ ತಗೊಂಡ್ಲು. ನನ್ನ ಹಣೇಲಿ ಕುಂಕುಮ ಇದೆ, ಆದ್ರೂ ತಗೊಂಡ್ಲು. ‘ಅಗೋ, ಎರಡನೇ ಪಂಕ್ತೀಲಿ ಕೂತು ಪಾಯಸ ಬೇಡ ಅಂತಿದಾರಲ್ಲ, ಅವರೇನಮ್ಮ ಸತ್ತಿರೋದು’ ಅಂದೆ. ಎಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಎಷ್ಟು ಅತ್ತೆ ಅಂತ ನಿಮಗೆ ಗೊತ್ತಿಲ್ಲ.”

“ಎಕ್ಕಡದಲ್ಲಿ ಒಡೀರಿ ಅಮ್ಮಾವ್ರೇ.”

“ನನಗೆ ಕೆಟ್ಟ ಕೋಪ ಬರ್ತಾ ಇದೆ. ಅವರು ಹಾಡೋದು ಹೇಗೆ ಬಿಟ್ರು ಅಂತ ನೋಡಿದೋಳು ನಾನು. ಬಚ್ಚಲಲ್ಲೂ ಗುನುಗಲಿಲ್ಲ.” ಸೆರಗಿನಿಂದ ಬಾಯಿ ಒತ್ತಿಕೊಂಡಳು. “ಇವತ್ತು ಬೈಯೋಕೆ ಹೊತ್ತಿಲ್ಲ. ಹದಿಮೂರು ದಿನ ಕಳೀಲಿ, ಬನ್ನಿ, ಕೂರಿಸ್ಕೊಂಡು ಬೈತೀನಿ. ಬರದೇ ಇರಬೇಡಿ, ತಿಳೀತಾ? ಈಗ ಅವರಿಗೆ ಹೊತ್ತಾಗ್ತಿದೆ. ಹೆಗಲು ಕೊಡಿ.”

ನಂಜಪ್ಪ ಅಂಗಳದಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. ರಂಗಸ್ವಾಮಿ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಚಟ್ಟ ಎತ್ತಿದರು. ಮುಂದೆ ಬೆಂಕಿಯ ಮಡಕೆ ಹಿಡಿದ ಮುರಳೀಕೃಷ್ಣ, ಹಿಂದೆ ನಾಲ್ಕು ಹೆಗಲು. ಮುಂಭಾಗದ ಎಡಗಡೆ ನಂಜಪ್ಪ. ಉಳಿದ ಮೂವರು ಎತ್ತರದವರು, ಅವನ ಕಡೆಗೆ ಚಟ್ಟ ವಾಲಿತು. ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಇಟ್ಟುಕೊಂಡ. ಹೆಜ್ಜೆಗಳೂ ಕೂಡಲಿಲ್ಲ. ಒಬ್ಬರದು ಉದ್ದ, ಒಬ್ಬರದು ಗಿಡ್ಡ, ಹೆಣ ಆಚೀಚೆ ತೂಗತೊಡಗಿತು. “ನಿಧಾನ, ನಿಧಾನ,” ಎಂದರು ಪುರೋಹಿತರು.

ಬೀದಿ ತಿರುಗುವ ಹೊತ್ತಿಗೆ ರಂಗಸ್ವಾಮಿಗೆ ಒಂದು ಸದ್ದು ಕೇಳಿಸಿತು. ನಂಜಪ್ಪನ ಬಲಗೈ ಬೆರಳು ಬಿದಿರಿನ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಅವನು ಬೇಕೆಂದು ಬಡಿಯುತ್ತಿದ್ದನೋ ಇಲ್ಲವೋ, ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ನಾಲ್ಕರ ನಡೆ, ಬಿಡಿಬಿಡಿಯಾಗಿ. ಮೂವರ ಕಾಲುಗಳೂ ತಾವಾಗಿಯೇ ಅದಕ್ಕೆ ಕೂಡಿಕೊಂಡವು. ತೂಗುವುದು ನಿಂತಿತು. ಅಂಗಡಿಯವರು ಎದ್ದು ನಿಂತು ಕೈಮುಗಿದರು. ಯಾರು ಹೋದರೆಂದು ಒಬ್ಬರೂ ಕೇಳಲಿಲ್ಲ.

ಹೇಮಾವತಿಯ ದಾರಿಯ ಅರ್ಧದಲ್ಲಿ ಪದ್ಧತಿಯಂತೆ ಚಟ್ಟ ಇಳಿಸಿ, ಮಂತ್ರ ಹೇಳಿ, ಮತ್ತೆ ಎತ್ತಿದರು. ಮುರಳೀಕೃಷ್ಣ ಮುಂದೆ ಹೊರಟ. ಹಿಂದಿನವರು ಹೆಜ್ಜೆ ಎತ್ತಿದರು. ಚಟ್ಟ ಗಕ್ಕನೆ ಜಗ್ಗಿ ನಿಂತಿತು.

ನಂಜಪ್ಪ ನಿಂತೇ ಇದ್ದ. ತಲೆ ಒಂದಿಷ್ಟು ಹೆಣದ ಕಡೆಗೆ ವಾಲಿತ್ತು. ಬೆರಳುಗಳು ಬಿದಿರಿನಿಂದ ಒಂದು ಅಂಗುಲ ಮೇಲೆ, ಎತ್ತಿದ್ದು ಎತ್ತಿದ ಹಾಗೇ ಇದ್ದವು. ಹಾಡುವವರು ಪಲ್ಲವಿ ಎತ್ತಿಕೊಳ್ಳುವ ತನಕ ತಬಲದವನು ಕಾಯಬೇಕಲ್ಲ.

“ನಂಜಪ್ಪನವರೇ,” ಎಂದ ರಂಗಸ್ವಾಮಿ ಹಿಂದಿನಿಂದ, “ನಡೀರಿ.”